ಹಾಲಿನ ಕ್ಯಾನಿನಲ್ಲಿ ಹೋದ ಮೀನುಗಳು

ಇಂದ್ರಾಣಿಗೆ ಮೀನಿನ ಹೆಸರು ಹೇಳುವುದಕ್ಕೆ ಪುಸ್ತಕ ಬೇಕಿರಲಿಲ್ಲ. ಬಲೆಯಿಂದ ಬಕೆಟ್ಟಿಗೆ ಬೀಳುವಷ್ಟರಲ್ಲೇ ಇದು ಇಂಥದ್ದು, ಹೆಣ್ಣು, ಹೊಟ್ಟೆ ತುಂಬ ಮೊಟ್ಟೆ ಇದೆ ಎಂದು ಹೇಳಿಬಿಡುತ್ತಿದ್ದಳು. ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯಲ್ಲಿ ಹನ್ನೊಂದು ವರ್ಷ ಗಂಡನ ಜೊತೆ ಅಕ್ವೇರಿಯಂ ಅಂಗಡಿ ನಡೆಸಿದವಳು ಅವಳು. ಅಂಗಡಿ ಮುಚ್ಚಿ ನಾಲ್ಕು ವರ್ಷ ಮೇಲಾಗಿತ್ತು. ಗಂಡ ಸೆಲ್ವರಾಜ್ ಆಟೋ ಓಡಿಸುತ್ತಿದ್ದ, ಅವಳು ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದಳು. ಆದರೂ ಪೇಟೆಯಲ್ಲಿ ಯಾರ ಮನೆಯ ತೊಟ್ಟಿಯಲ್ಲಿ ಮೀನು ಮಂಕಾದರೂ ಇಂದ್ರಾಣಿಯನ್ನೇ ಕರೆಯುತ್ತಿದ್ದರು. ಅದನ್ನು ಕೇಳಿಯೇ ಧನುಶ್ರೀ ಅವಳನ್ನು ಹುಡುಕಿಕೊಂಡು ಬಂದದ್ದು.

ಧನುಶ್ರೀ ಬಂಗಾರಪೇಟೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಮೂವತ್ತು ದಾಟಿರದ ಹುಡುಗಿ. ಅವಳಪ್ಪ ಹಾವೇರಿ ಕಡೆಯಿಂದ ಕೆ.ಜಿ.ಎಫ್.ಗೆ ಕಾರ್ಖಾನೆ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ಮಾರ್ಕಂಡೇಯ ನದಿಯಲ್ಲಿ ಯಾವ ಯಾವ ಮೀನುಗಳಿವೆ, ಅದರಲ್ಲಿ ಈ ನೀರಿನಲ್ಲೇ ಹುಟ್ಟಿ ಬೆಳೆದವು ಎಷ್ಟು, ಹೊರಗಿನಿಂದ ಬಂದು ಸೇರಿಕೊಂಡವು ಎಷ್ಟು ಎಂದು ಅವಳು ಒಂದು ವರ್ಷ ನೋಡಿ ಬರೆಯಬೇಕಿತ್ತು.

"ತಿಂಗಳಿಗೆ ಎರಡು ಭಾನುವಾರ ಅಷ್ಟೇ ಅಕ್ಕಾ. ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್ ಬಂದುಬಿಡೋಣ. ನನಗಿಂತ ನಿಮ್ಮ ಕಣ್ಣು ಚುರುಕು."

"ಯಾವ ಕಡೆ ಮೇಡಂ?"

"ಕಾಮಸಮುದ್ರ ದಾಟಿದರೆ ಬಂಡೆಮಡು ಅಂತ ಇದೆಯಂತೆ. ಬೇಸಿಗೆಯಲ್ಲೂ ಅಲ್ಲಿ ನೀರು ಇರುತ್ತೆ."

ಆ ಮಡು ಇಂದ್ರಾಣಿಗೆ ಗೊತ್ತಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ ಅಲ್ಲಿಗೆ ಹೋಗಿದ್ದಳು.

ಅದು ಕೊರೊನಾದ ಮೊದಲನೇ ಲಾಕ್‌ಡೌನ್, 2020ರ ಏಪ್ರಿಲ್ ತಿಂಗಳು. ಅಂಗಡಿ ಬಾಗಿಲು ತೆಗೆಯುವಂತಿರಲಿಲ್ಲ. ಹಿತ್ತಲ ಕಡೆಯಿಂದ ನುಸುಳಿ ಮೀನಿಗೆ ಕಾಳು ಹಾಕಿ ಬರುತ್ತಿದ್ದರು. ಕಾಳು ಮುಗಿಯಿತು, ಕರೆಂಟು ಹೋಗಿ ಗಾಳಿ ಯಂತ್ರ ನಿಂತು ಗೋಲ್ಡ್‌ಫಿಶ್‌ಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ದಿನಕ್ಕೊಂದು ತೊಟ್ಟಿ ಖಾಲಿಯಾಗುತ್ತ ಬಂದು ಕೊನೆಗೆ ಉಳಿದದ್ದು ಸಕ್ಕರ್ ಮೀನುಗಳು. ತೊಟ್ಟಿಯ ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ನೆಕ್ಕುವ ಕಪ್ಪು ಮೀನು ಅದು. ಮೈಮೇಲೆ ಚಿಪ್ಪಿನಂಥ ಗಟ್ಟಿ ಹೊದಿಕೆ, ರೆಕ್ಕೆಗೆ ಮುಳ್ಳು. ಬೆರಳುದ್ದ ಇದ್ದಾಗ ಜನ ಇಷ್ಟಪಟ್ಟು ಕೊಂಡುಹೋಗುತ್ತಾರೆ. ಗೇಣುದ್ದ ಬೆಳೆದಾಗ ಇಟ್ಟುಕೊಳ್ಳಲಾಗದೆ ತಂದು ಅಂಗಡಿಯಲ್ಲೇ ಬಿಟ್ಟುಹೋಗುತ್ತಾರೆ. ಹಾಗೆ ಬಂದು ಸೇರಿದ್ದವು ಹದಿನೇಳು. ಅವು ಸುಲಭಕ್ಕೆ ಸಾಯುವ ಜಾತಿಯಲ್ಲ. ನೀರು ಕೊಳೆತರೂ ತಳದಲ್ಲಿ ಬಾಯಿ ತೆರೆದು ಮುಚ್ಚುತ್ತ ಬಿದ್ದಿದ್ದವು. ಇಂದ್ರಾಣಿಗೆ ಅದನ್ನು ನೋಡಲಾಗಲಿಲ್ಲ. ಸೆಲ್ವರಾಜ್ ಯಾರದೋ ಎರಡು ಹಾಲಿನ ಕ್ಯಾನು ತಂದ. ಹಾಲಿನ ಗಾಡಿಯನ್ನು ಮಾತ್ರ ಪೊಲೀಸರು ತಡೆಯುತ್ತಿರಲಿಲ್ಲ. ಹದಿನೇಳನ್ನೂ ಕ್ಯಾನಿಗೆ ತುಂಬಿ, ಸ್ಕೂಟರಿನ ಎರಡೂ ಕಡೆ ಕಟ್ಟಿ, ಕಾಮಸಮುದ್ರದ ಆಚೆ ಹೋಗಿ ಬಂಡೆಮಡುವಿಗೆ ಬಿಟ್ಟರು. ಕ್ಯಾನು ಬಗ್ಗಿಸಿದ್ದು ಇಂದ್ರಾಣಿಯೇ. ನೀರು ಕಂಡ ತಕ್ಷಣ ಅವು ಮೈ ಕೊಡವಿ ಬಂಡೆ ಸಂದಿಗೆ ಸರಿದುಹೋದಾಗ ಅವಳ ಕಣ್ಣು ತುಂಬಿ ಬಂದಿತ್ತು. ಅಂಗಡಿಯಲ್ಲಿ ಅಷ್ಟು ಜೀವ ಹೋದ ಮೇಲೆ ಇಷ್ಟನ್ನಾದರೂ ಉಳಿಸಿದೆನಲ್ಲ ಎಂದು ಬಹಳ ದಿನ ಅದನ್ನೇ ನೆನೆದು ಸಮಾಧಾನಪಟ್ಟಿದ್ದಳು.

ಅದು ತಪ್ಪು ಎಂದು ತಿಳಿದದ್ದು ಎರಡು ವರ್ಷದ ನಂತರ, ಟೀವಿಯಲ್ಲಿ. ಯಾವುದೋ ಊರಿನ ಕೆರೆಯ ತುಂಬ ಇದೇ ಮೀನು ಹೊರಳಾಡುವುದನ್ನು ತೋರಿಸಿ, ಬೇರೆ ಮೀನಿನ ಮೊಟ್ಟೆಯನ್ನೆಲ್ಲ ಇವೇ ಮುಗಿಸುತ್ತವೆ ಎಂದು ಹೇಳಿದ್ದರು. ಇಂದ್ರಾಣಿ ಎದ್ದು ಟೀವಿ ಆರಿಸಿದ್ದಳು.

ಈಗ ಧನುಶ್ರೀ ಕೇಳಿದಾಗ ಆಗುವುದಿಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೋಗಿ ನೋಡಬೇಕು, ಅಲ್ಲಿ ಏನೂ ಇಲ್ಲ, ಹದಿನೇಳೂ ಎಂದೋ ಸತ್ತುಹೋಗಿವೆ ಎಂದು ಕಣ್ಣಾರೆ ಕಂಡು ಬರಬೇಕು ಎಂದು ಅವಳ ಮನಸ್ಸು ಹಟ ಹಿಡಿಯಿತು. ಬರುತ್ತೇನೆ ಎಂದಳು.

ನವೆಂಬರಿನಲ್ಲಿ ಕೆಲಸ ಶುರುವಾಯಿತು. ಮಡುವಿನ ದಡದಲ್ಲೇ ಮನೆ ಇದ್ದ ಹನುಮಪ್ಪ ಬಲೆ ಬೀಸಲು ಬರುತ್ತಿದ್ದ. ಅರವತ್ತರ ಹತ್ತಿರದವನು, ಚಿಕ್ಕಂದಿನಿಂದ ಅದೇ ನೀರಿನಲ್ಲಿ ಮೀನು ಹಿಡಿದವನು. ಅವನ ಬಲೆಯಲ್ಲಿ ಬಂದದ್ದನ್ನು ಇಂದ್ರಾಣಿ ಬಕೆಟ್ಟಿಗೆ ಬಿಡಿಸಿಕೊಂಡು, ಒಂದೊಂದನ್ನೇ ಅಳತೆ ಪಟ್ಟಿಯ ಮೇಲಿಟ್ಟು, ಹೆಸರು, ಉದ್ದ ಕೂಗುವಳು. ಧನುಶ್ರೀ ಬರೆದುಕೊಳ್ಳುವಳು. ಇಲ್ಲಿಯದ್ದಾದರೆ ಮತ್ತೆ ನೀರಿಗೆ, ಹೊರಗಿನದ್ದಾದರೆ ನೀಲಿ ಡ್ರಮ್ಮಿಗೆ. ಮಧ್ಯಾಹ್ನ ಹನುಮಪ್ಪನ ಹೆಂಡತಿ ಕೆಂಪಮ್ಮ ಎಲ್ಲರಿಗೂ ಮುದ್ದೆ, ಸೊಪ್ಪಿನ ಸಾರು ತಂದು ಬಡಿಸುವಳು.

ಮೊದಲ ದಿನವೇ ಹನುಮಪ್ಪನಿಗೂ ಧನುಶ್ರೀಗೂ ಜಿಲೇಬಿ ಮೀನಿನ ಮೇಲೆ ವಾದವಾಯಿತು. ಜಿಲೇಬಿಯನ್ನು ಅವಳು ಡ್ರಮ್ಮಿಗೆ ಹಾಕಿಸಿದ್ದಳು.

"ಅದ್ಯಾಕಮ್ಮಾ ಒರಗಿಂದು? ನಮ್ಮಪ್ಪನ ಕಾಲದಿಂದ ತಿಂತಾ ಇದೀವಿ."

"ನಿಮ್ಮಪ್ಪನ ಕಾಲಕ್ಕೇ ಬಂದಿದ್ದು ಹನುಮಪ್ಪನವರೇ. ಆಫ್ರಿಕಾದ ಮೀನು ಅದು."

"ಆಪ್ರಿಕಾನಾ!" ಹನುಮಪ್ಪ ಡ್ರಮ್ಮಿನೊಳಗೆ ಬಗ್ಗಿ ನೋಡಿದ. "ಇಷ್ಟು ದಿನ ಒಂದು ಮಾತೂ ಏಳಿಲ್ವಲ್ಲೋ ನೀನು" ಎಂದು ಮೀನಿಗೇ ಹೇಳಿದ. ಇಂದ್ರಾಣಿ ಅಂದು ಮನಸಾರೆ ನಕ್ಕಳು. ನಾಲ್ಕು ಭಾನುವಾರ ಕಳೆದರೂ ಬಲೆಯಲ್ಲಿ ಸಕ್ಕರ್ ಬಂದಿರಲಿಲ್ಲ. ಬೆಳ್ಳಿಯ ಚೂರಿನಂತೆ ಹೊಳೆಯುವ ಪರಿಗೆ ಮೀನು ಒಂದೇ ದಿನಕ್ಕೆ ಇನ್ನೂರ ಹನ್ನೆರಡು ಸಿಕ್ಕಿದ್ದವು. ಅವನ್ನು ಅಂಗೈಯಿಂದ ನೀರಿಗೆ ಜಾರಿಸುವಾಗ ಅವಳ ಎದೆಯ ಮೇಲಿನ ಭಾರವೇ ಇಳಿದಂತಾಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ನೀರು ಇಳಿಯಿತು. ದಡದ ಮಣ್ಣಿನಲ್ಲಿ ಮುಷ್ಟಿ ಹಿಡಿಸುವಷ್ಟು ದೊಡ್ಡ ತೂತುಗಳು ಕಂಡವು. ಆ ಭಾನುವಾರ ಬಲೆಯಲ್ಲಿ ಎರಡು ಸಕ್ಕರ್ ಬಂದವು. ಎರಡೂ ಬೆರಳುದ್ದದ್ದು. ಇಂದ್ರಾಣಿ ಬಿಟ್ಟವೆಲ್ಲ ದೊಡ್ಡವು. ಇವು ಇಲ್ಲೇ ಹುಟ್ಟಿದ ಮರಿಗಳು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಇದು ದೆಯ್ಯಂ ಚೇಪ, ದೆವ್ವದ್ ಮೀನು ಕಣಮ್ಮಾ" ಎಂದ ಹನುಮಪ್ಪ. "ಎರಡು ವರ್ಸದಿಂದ ಬತ್ತಾ ಅವೆ. ರೆಕ್ಕೆ ಬಲೇಗೆ ಸಿಕ್ಕಾಕ್ಕೊಂಡ್ರೆ ಬಿಡ್ಸಕ್ಕಾಗಲ್ಲ, ಬಲೇನೇ ಕುಯ್ಬೇಕು. ನಾಯೀನೂ ಮೂಸಲ್ಲ."

ಫೆಬ್ರವರಿಯಲ್ಲಿ ಒಂಬತ್ತು, ಮಾರ್ಚಿನಲ್ಲಿ ಮೂವತ್ತೊಂದು. ಪರಿಗೆ ಅರವತ್ತಕ್ಕೆ ಇಳಿಯಿತು. ಪ್ರತಿ ಸಲವೂ ಹನುಮಪ್ಪನ ಬಲೆ ಎರಡು ಮೂರು ಕಡೆ ಹರಿಯುತ್ತಿತ್ತು. ಊಟವಾದ ಮೇಲೆ ಅವನು ಮರದ ಕೆಳಗೆ ಕೂತು ಬಲೆ ಹೊಲಿಯುವಾಗ ಇಂದ್ರಾಣಿ ಪಕ್ಕದಲ್ಲಿ ಕೂತು ದಾರ ಬಿಡಿಸಿ ಕೊಡುತ್ತಿದ್ದಳು. ಹೇಳಬೇಕು ಎಂದುಕೊಳ್ಳುವಳು. ಈ ಗಂಟು ಮುಗಿಯಲಿ, ಆಮೇಲೆ. ಗಂಟು ಮುಗಿದರೆ, ಮುಂದಿನ ಭಾನುವಾರ.

ಮಾರ್ಚಿನ ಎರಡನೇ ಸಲ ಬಲೆಯಲ್ಲಿ ಮೊಳದುದ್ದದ ಸಕ್ಕರ್ ಬಂತು. ಹನುಮಪ್ಪ ಅದನ್ನು ಬಲೆ ಸಮೇತ ಇಂದ್ರಾಣಿಯ ಮುಂದೆ ಇಟ್ಟು ಮತ್ತೆ ನೀರಿಗಿಳಿದ. ಅವಳು ಬಿಡಿಸಲು ಹೋಗಿ ಅದರ ಮುಖ ನೋಡಿದಳು. ಎಡಗಣ್ಣು ಬೆಂದ ಮೊಟ್ಟೆಯ ಹಾಗೆ ಬೆಳ್ಳಗಿತ್ತು. ಅಂಗಡಿಯ ಮುಂದಿನ ದೊಡ್ಡ ತೊಟ್ಟಿಯಲ್ಲಿ ಮೂರು ವರ್ಷ ಇದ್ದ ಮೀನು. ಬೆಳಿಗ್ಗೆ ಅವಳು ಸೌತೆಕಾಯಿ ಚೂರು ಹಿಡಿದರೆ ಕಣ್ಣು ಕಾಣುವ ಕಡೆಯಿಂದ ಸುತ್ತಿಕೊಂಡು ಬರುತ್ತಿತ್ತು.

ಅವಳ ಕೈ ತಾನಾಗಿಯೇ ಕೆಲಸ ಮಾಡಿತು. ಮುಳ್ಳು ಬಿಡಿಸಿ, ಎರಡೂ ಕೈಯಲ್ಲಿ ಎತ್ತಿ, ನೀರಿನ ಅಂಚಿಗೆ ಇಳಿಸಿಬಿಟ್ಟಳು. ಅದು ಬಾಲ ಬೀಸಿ ಮರೆಯಾಯಿತು.

"ಏನಾಯ್ತಕ್ಕಾ?" ಧನುಶ್ರೀ ತಲೆ ಎತ್ತಿದಳು.

"ಜಾರಿಹೋಯ್ತು ಮೇಡಂ. ದೊಡ್ಡದಿತ್ತು."

"ಪರವಾಗಿಲ್ಲ ಬಿಡಿ. ಕೈಗೆ ಮುಳ್ಳು ಚುಚ್ಚಿತಾ?"

ಚುಚ್ಚಿತ್ತು. ಅಂಗೈಯಲ್ಲಿ ರಕ್ತ ಬರುತ್ತಿತ್ತು. ಧನುಶ್ರೀ ತನ್ನ ಬ್ಯಾಗಿನಿಂದ ಹತ್ತಿ ತೆಗೆದು ಒರೆಸಿ ಪಟ್ಟಿ ಅಂಟಿಸಿದಳು. ಇಂದ್ರಾಣಿಗೆ ಅವಳ ಮುಖ ನೋಡಲಾಗಲಿಲ್ಲ. ಮೊದಲ ಸಲ ಬಿಟ್ಟಾಗ ಗೊತ್ತಿರಲಿಲ್ಲ ಎನ್ನಬಹುದಿತ್ತು. ಈ ಸಲ ಏನು ಹೇಳುವುದು?

ಅಂದೇ ಊಟದ ಹೊತ್ತಿಗೆ ಹನುಮಪ್ಪ ಆ ಪ್ರಶ್ನೆ ಎತ್ತಿದ. "ಅಲ್ಲಾ, ಇದು ಬಂದಿದ್ದಾದ್ರೂ ಎಲ್ಲಿಂದ? ಆಕಾಸದಿಂದ ಉದುರ್ತಾ?"

"ಯಾರಾದ್ರೂ ತಂದು ಬಿಟ್ಟಿರಬೇಕು. ಇಲ್ಲಾ ಯಾವುದಾದ್ರೂ ಹೊಂಡದಿಂದ ಮಳೆ ನೀರಲ್ಲಿ ಬಂದಿರಬೇಕು" ಎಂದಳು ಧನುಶ್ರೀ.

ಹನುಮಪ್ಪ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. "ಮೇಲ್ಗಡೆ ಮುನಿರಾಜು ಕೃಷಿಹೊಂಡದಾಗೆ ಮೀನು ಸಾಕವ್ನೆ. ಆವತ್ತು ದೊಡ್ ಮಳೆ ಬಂದಾಗ ಅದು ತುಂಬಿ ಒಳೇಗೆ ಅರೀತು. ಇಂದ್ರಾಣಮ್ಮಾ, ನೀವು ಅಂಗ್ಡಿ ಇಟ್ಟಿದ್ದೋರು. ಒಂಡದಾಗೆ ಇದನ್ನ ಸಾಕ್ತಾರಾ?"

ಮೂವರೂ ಅವಳ ಕಡೆ ನೋಡಿದರು. ಸಾಕುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಿನ್ನದ ಮೀನನ್ನು ಯಾವ ರೈತ ಸಾಕುತ್ತಾನೆ?

"ಇರಬಹುದು" ಎಂದಳು. ಅಷ್ಟಕ್ಕೇ ಸುಮ್ಮನಾಗದೆ, "ಪಾಚಿ ತಿನ್ನಲಿ ಅಂತ ಕೆಲವರು ಬಿಟ್ಕೊಳ್ತಾರೆ" ಎಂದೂ ಸೇರಿಸಿದಳು.

ಆಮೇಲೆ ಮುದ್ದೆಯನ್ನು ಅರ್ಧಕ್ಕೇ ಬಿಟ್ಟಳು. ಹೊಟ್ಟೆ ಸರಿಯಿಲ್ಲ ಎಂದು ಎದ್ದಳು. ಕೆಂಪಮ್ಮ ಮಜ್ಜಿಗೆ ತಂದುಕೊಟ್ಟಳು.

ಎರಡು ವಾರದ ಮೇಲೆ ಅವಳು ಹೋದಾಗ ಹನುಮಪ್ಪನ ಕೆನ್ನೆಯ ಮೇಲೆ ಉಗುರು ಗೀರಿದ ಗಾಯವಿತ್ತು. ಕೆಂಪಮ್ಮ ಕಟ್ಟಿಗೆ ಒಡೆಯುತ್ತಿದ್ದಳು. ಧನುಶ್ರೀ ಇನ್ನೂ ಬಂದಿರಲಿಲ್ಲ.

"ಮುನಿರಾಜುನ ಒಂಡ ಕುಯ್ದಾಕ್ಬಿಟ್ವಿ" ಎಂದ ಹನುಮಪ್ಪ. ಹೇಳುವಾಗ ಅವನ ದನಿಯಲ್ಲಿ ಜೋರಿರಲಿಲ್ಲ. "ನಾನೂ ನಮ್ಮಣ್ಣನ ಮಕ್ಳೂ ಕೇಳಕ್ಕೆ ಅಂತ ಓದ್ವಿ. ನನ್ ಒಂಡದಾಗೆ ಅದಿಲ್ಲ ಅಂದ. ಮಾತಿಗೆ ಮಾತು ಬೆಳೀತು. ಉಡುಗ್ರು ಕುಡುಗೋಲು ತಗೊಂಡು ಒಂಡಕ್ಕೆ ಆಸಿದ್ದ ಪ್ಲಾಸ್ಟಿಕ್ ಆಳೇನ ಸೀಳಾಕ್ಬಿಟ್ರು. ನೀರೆಲ್ಲ ಇಂಗೋಯ್ತು."

"ಮೀನು?"

"ಮೀನೆಂಗೆ ಬದುಕ್ತಾವೆ?"

ಇಂದ್ರಾಣಿ ಅಂದು ಮೀನು ಅಳೆಯುವಾಗ ಎರಡು ಸಲ ತಪ್ಪು ಹೆಸರು ಹೇಳಿದಳು. ಧನುಶ್ರೀಗೆ ವಿಷಯ ತಿಳಿದು ಸಿಟ್ಟು ಬಂತು. "ನಾನು ಹೊಂಡ ಇರಬಹುದು ಅಂದೆ, ಮುನಿರಾಜು ಅಂದಿರಲಿಲ್ಲ" ಎಂದಳು. ಹನುಮಪ್ಪ, "ಗೊತ್ತಿರೋರು ಏಳಿದ್ರಲ್ಲಮ್ಮ, ಸಾಕ್ತಾರೆ ಅಂತ" ಎಂದ. ಅವನು ಇಂದ್ರಾಣಿಯನ್ನು ದೂರುತ್ತಿರಲಿಲ್ಲ. ತನಗೆ ಆಸರೆಯಾಗಿ ಅವಳ ಮಾತನ್ನು ಹಿಡಿದುಕೊಂಡಿದ್ದ, ಅಷ್ಟೆ.

ಮನೆಗೆ ಬಂದವಳೇ ಸೆಲ್ವರಾಜನಿಗೆ ಎಲ್ಲವನ್ನೂ ಹೇಳಿದಳು. ಅವರ ಮನೆಯ ಮಾತು ಅರ್ಧ ತಮಿಳು, ಅರ್ಧ ಕನ್ನಡ. ಅವನು ಆಟೋದ ಸೀಟು ಒರೆಸುತ್ತಿದ್ದವನು ಬಟ್ಟೆ ಕೆಳಗಿಟ್ಟ.

"ಬಾಯಿ ಬಿಡಬೇಡಮ್ಮಾ. ಬಿಟ್ಟೆ ಅಂದ್ರೆ ನಮ್ಮನ್ನೇ ಹಿಡ್ಕೊಂಡು ಹೊಡೀತಾರೆ. ಐದು ವರ್ಷದ ಹಿಂದಿಂದು. ನಮಗೇನು ಗೊತ್ತಿತ್ತು?"

"ಆವಾಗ ಗೊತ್ತಿರಲಿಲ್ಲ. ಹೋದ ತಿಂಗಳು ಗೊತ್ತಿತ್ತಲ್ಲ? ಸಾಕ್ತಾರೆ ಅಂತ ಹೇಳಿದ್ದು ನಾನೇ ಅಲ್ವಾ?"

"ನೀನು ಇರಬಹುದು ಅಂದೆ. ಸೀಳಿ ಅಂದ್ಯಾ?"

ಆ ಮಾತನ್ನು ಅವಳೂ ಬಸ್ಸಿನಲ್ಲಿ ಬರುವಾಗ ತನಗೆ ತಾನೇ ಹತ್ತು ಸಲ ಹೇಳಿಕೊಂಡಿದ್ದಳು. ಗಂಡನ ಬಾಯಲ್ಲಿ ಕೇಳಿದಾಗ ಅದು ಎಷ್ಟು ಪೊಳ್ಳು ಎಂದು ತಿಳಿಯಿತು.

ಮಂಗಳವಾರ ಬೆಳಿಗ್ಗೆ ಯಾರಿಗೂ ಹೇಳದೆ ಕಾಮಸಮುದ್ರದ ಬಸ್ಸು ಹತ್ತಿದಳು. ಇಳಿದು, ದಾರಿ ಕೇಳಿಕೊಂಡು ಮುನಿರಾಜುವಿನ ಹೊಲಕ್ಕೆ ಹೋದಳು. ನಲವತ್ತರ ಆಸುಪಾಸಿನ ಮನುಷ್ಯ, ಪ್ಯಾಂಟು ಮಡಚಿಕೊಂಡು ಬತ್ತಿದ ಹೊಂಡದೊಳಗೆ ನಿಂತಿದ್ದ. ಅಂಗೈಯಗಲದ ಕಾಟ್ಲಾ, ರೋಹು ಮರಿಗಳು ಕೆಸರಲ್ಲಿ ಒಣಗಿ ಅಂಟಿಕೊಂಡಿದ್ದವು. ಅವನ್ನು ಸನಿಕೆಯಲ್ಲಿ ಕೆರೆದು ಮಂಕರಿಗೆ ತುಂಬುತ್ತಿದ್ದ. ನಾತಕ್ಕೆ ಮೂಗಿಗೆ ಟವೆಲು ಕಟ್ಟಿದ್ದ.

"ನೀವು ಮೀನು ನೋಡಕ್ಕೆ ಬರೋ ಮೇಡಮ್ಮೋರಲ್ವಾ?" ಎಂದ ಅವಳನ್ನು ಕಂಡು. ಅವನ ಮುಖದಲ್ಲಿ ಒಂದು ಆಸೆ ಮೂಡಿತು. "ಒಳ್ಳೇದಾಯ್ತು ಬಂದಿದ್ದು. ಇಳೀರಿ, ಇಳಿದು ನೋಡಿ. ಒಂದಾದ್ರೂ ಆ ಜಾತಿ ಮೀನಿದ್ರೆ ನನ್ನ ಚಪ್ಲೀಲಿ ಹೊಡೀರಿ. ನೋಡ್ಬಿಟ್ಟು ನೀವೇ ಹೋಗಿ ಹೇಳಿ ಅವ್ರಿಗೆ. ನನ್ ಮಾತು ನಂಬಲ್ಲ, ನಿಮ್ಮದಾದ್ರೆ ನಂಬ್ತಾರೆ."

ಇಂದ್ರಾಣಿ ಚಪ್ಪಲಿ ಬಿಟ್ಟು ಇಳಿದಳು. ನೋಡುವ ಅಗತ್ಯ ಇರಲಿಲ್ಲ, ಆದರೂ ಅವನು ತೋರಿಸಿದ ಕಡೆಯೆಲ್ಲ ಬಗ್ಗಿ ನೋಡಿದಳು. ಹರಿದ ಹಾಳೆಯ ಮಡಿಕೆ ಎತ್ತಿ ನೋಡಿದಳು. ಕೊನೆಗೆ ಕೆಸರಿನಲ್ಲೇ ನಿಂತು, "ಮುನಿರಾಜಣ್ಣ, ಆ ಮೀನು ಬಿಟ್ಟಿದ್ದು ನಾನು" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅವಳು ಅಂಗಡಿ, ಲಾಕ್‌ಡೌನ್, ಹಾಲಿನ ಕ್ಯಾನು ಎಲ್ಲ ಹೇಳಿದಳು. ಹೊಂಡದವರೂ ಸಾಕುತ್ತಾರೆ ಎಂದು ಹನುಮಪ್ಪನಿಗೆ ಹೇಳಿದ್ದೂ ತಾನೇ ಎಂದಳು. ಮುನಿರಾಜು ಮೂಗಿನ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಕೂಗಾಡುತ್ತಾನೆ ಎಂದು ಅವಳು ಕಾದಳು. ಅವನು ಕೂಗಲಿಲ್ಲ.

"ಎಷ್ಟು ಬಿಟ್ರಿ?"

"ಹದಿನೇಳು."

"ನಾನು ಹಾಕಿದ್ದು ಎರಡು ಸಾವಿರ ಮರಿ. ನನ್ ಹೆಂಡ್ತಿ ದಿನಾ ಹಿಂಡಿ, ತೌಡು ಕಲಸಿ ಹಾಕ್ತಿದ್ಲು." ಟವೆಲಿನಿಂದ ಕೈ ಒರೆಸಿಕೊಂಡು ಮತ್ತೆ ಹೇಳಿದ: "ಇಲ್ಲಿಗೆ ಬಂದು ನನ್ ಕಿವೀಲಿ ಹೇಳಿದ್ರೆ ಏನು ಬಂತು? ನನಗೆ ಗೊತ್ತೇ ಇತ್ತಲ್ಲ ನಾನು ಬಿಟ್ಟಿಲ್ಲ ಅಂತ. ನಡೀರಿ, ಅಲ್ಲಿ ಹೇಳಿ."

ಅವನು ಮುಂದೆ, ಅವಳು ಹಿಂದೆ. ಒಂದು ಮೈಲಿ ಗದ್ದೆಯ ಬದುವಿನ ಮೇಲೆ ನಡೆದರು. ಮುನಿರಾಜು ಒಮ್ಮೆಯೂ ತಿರುಗಿ ನೋಡಲಿಲ್ಲ. ದಾರಿಯಲ್ಲಿ ಅವಳು ಧನುಶ್ರೀಗೆ ಫೋನು ಮಾಡಿ, "ಮೇಡಂ, ಒಂದು ಸುಳ್ಳು ಹೇಳಿದ್ದೆ, ಮಡುವಿನ ಹತ್ತಿರ ಬನ್ನಿ" ಎಂದಷ್ಟೇ ಹೇಳಿದಳು. ಧನುಶ್ರೀ ಕಾಲೇಜಿನಿಂದ ಸ್ಕೂಟರಿನಲ್ಲಿ ಬರುವವರೆಗೆ ಇಂದ್ರಾಣಿ ಹನುಮಪ್ಪನ ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದಳು. ಮುನಿರಾಜು ಬೇವಿನ ಮರಕ್ಕೆ ಒರಗಿ ನಿಂತಿದ್ದ. ಅವನನ್ನು ಕಂಡ ಹನುಮಪ್ಪ ಮನೆಯಿಂದ ಹೊರಗೆ ಬರಲು ಹಿಂಜರಿಯುತ್ತಿದ್ದ. ಕೆಂಪಮ್ಮ ಇಬ್ಬರಿಗೂ ನೀರು ತಂದುಕೊಟ್ಟು, ಏನೆಂದು ಕೇಳದೆ ಬಾಗಿಲಲ್ಲಿ ಕೂತಳು.

ಎಲ್ಲರೂ ಸೇರಿದ ಮೇಲೆ ಇಂದ್ರಾಣಿ ಹೇಳಿದಳು. ಬಿಳಿಗಣ್ಣಿನ ಮೀನನ್ನು ಜಾರಿತು ಎಂದು ಸುಳ್ಳು ಹೇಳಿ ಬಿಟ್ಟದ್ದನ್ನೂ ಹೇಳಿದಳು. ಹೇಳಿ ಮುಗಿದಾಗ ಮೊದಲು ಬಾಯಿ ತೆರೆದವಳು ಕೆಂಪಮ್ಮ.

"ಅಲ್ಲ ಕಣಮ್ಮಾ, ಇಷ್ಟು ದಿನ ನಮ್ ಯಜಮಾನ ಅರಿದೋದ ಬಲೆ ಒಲೀತಿದ್ರೆ ಪಕ್ಕದಾಗೆ ಕೂತ್ಕೊಂಡು ದಾರ ಬಿಡ್ಸಿ ಕೊಡ್ತಿದ್ಯಲ್ಲ. ಆವಾಗ ಬಾಯ್ಗೇನಾಗಿತ್ತು?"

"ಭಯ ಆಯ್ತು ಕೆಂಪಮ್ಮಕ್ಕ."

"ನನ್ ಗಂಡ ಇನ್ನೊಬ್ರ ಒಂಡ ಕುಯ್ದು ಬಂದು ಎರಡು ದಿನ ಅನ್ನ ತಿಂದಿಲ್ಲ. ಅದಕ್ಕೆ ಭಯ ಆಗ್ಲಿಲ್ವಾ ನಿನಗೆ?"

ಹನುಮಪ್ಪ ನೋಡುತ್ತಿದ್ದದ್ದು ಇಂದ್ರಾಣಿಯನ್ನಲ್ಲ, ಮುನಿರಾಜುವಿನ ಕಾಲಿಗೆ ಮೆತ್ತಿದ್ದ ಒಣಗಿದ ಕೆಸರನ್ನು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಮನೆಯ ಹಿಂದಕ್ಕೆ ಹೋದ. ಅವಳ ಮೇಲಿನ ಕೋಪಕ್ಕಿಂತ ದೊಡ್ಡದೊಂದು ಅವನನ್ನು ತಿನ್ನುತ್ತಿದೆ ಎಂದು ಇಂದ್ರಾಣಿಗೆ ಕಂಡಿತು. ಅದನ್ನೂ ಅವನ ಎದೆಗೆ ಹಾಕಿದವಳು ತಾನೇ.

ಧನುಶ್ರೀ ತನ್ನ ಪುಸ್ತಕ ತೆಗೆದಳು. "ಯಾವ ತಾರೀಕು ನೆನಪಿದೆಯಾ? ಮಡುವಿನ ಯಾವ ಕಡೆ? ಎಷ್ಟುದ್ದ ಇದ್ದವು?" ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಳು. ಬೈದಿದ್ದರೆ ಇಂದ್ರಾಣಿಗೆ ಹಗುರಾಗುತ್ತಿತ್ತೇನೋ. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿ ಅವಳು ಹೇಳಿದಳು:

"ನೀವೊಬ್ಬರೇ ಕಾರಣ ಅಂತ ನಾನು ಹೇಳಲಾರೆ ಅಕ್ಕಾ. ಬೇರೆಯವರೂ ಬಿಟ್ಟಿರಬಹುದು, ಬೇರೆ ಕೆರೆಯಿಂದಲೂ ಬಂದಿರಬಹುದು. ಅದು ಯಾವತ್ತೂ ಗೊತ್ತಾಗಲ್ಲ."

"ಬೇಡ ಮೇಡಂ. ಹಾಗೆ ಹೇಳಬೇಡಿ."

"ಇದ್ದದ್ದು ಹೇಳ್ತಿದೀನಿ. ಇನ್ನೊಂದು ಮಾತು. ಇನ್ನು ಮೇಲೆ ನೀವು ಈ ಕೆಲಸಕ್ಕೆ ಬರೋ ಹಾಗಿಲ್ಲ. ಹಿಡಿದದ್ದನ್ನ ನೀವೇ ಬಿಟ್ಟಿದೀರಿ. ಮಾರ್ಚ್ ತಿಂಗಳದ್ದನ್ನೆಲ್ಲ ನಾನು ಮತ್ತೆ ನೋಡಬೇಕು. ನಿಮ್ಮ ಕಣ್ಣು ನಂಬಿಕೊಂಡು ಬರೆದಿದ್ದೆ."

ಮುನಿರಾಜು ಹೊರಡುವಾಗ ಇಂದ್ರಾಣಿ ಕೈ ಮುಗಿದಳು. "ಕ್ಷಮಿಸಿದೆ ಅಂತ ನನ್ ಬಾಯಲ್ಲಿ ಬರಲ್ಲ ಮೇಡಮ್ಮೋರೇ" ಎಂದ ಅವನು. "ಹೇಳಿದ್ರಲ್ಲ, ಅಷ್ಟು ಸಾಕು" ಎಂದು ಹೊರಟುಹೋದ.

ಆ ತಿಂಗಳೇ ಹನುಮಪ್ಪ ಮತ್ತು ಅವನ ಅಣ್ಣನ ಮಕ್ಕಳು ಮುನಿರಾಜುವಿನ ಹೊಂಡ ಬಳಿದು ಹೊಸ ಹಾಳೆ ಹಾಸಿಕೊಟ್ಟರು. ಹಾಳೆಯ ಸುರುಳಿಯನ್ನು ಬಂಗಾರಪೇಟೆಯಿಂದ ತಂದದ್ದು ಸೆಲ್ವರಾಜನ ಆಟೋ. ಬಾಯಿ ಬಿಡಬೇಡ ಎಂದಿದ್ದ ಅವನೇ ಅಂದು ಸುರುಳಿಯ ಒಂದು ತುದಿ ಹೊತ್ತು ಹೊಲದೊಳಗೆ ನಡೆದ. ಹಾಸುವಾಗ ಮುನಿರಾಜುವೂ ಹನುಮಪ್ಪನೂ ಎದುರುಬದುರು ದಡದಲ್ಲಿ ನಿಂತು ಹಾಳೆ ಎಳೆದರು. ಎಳಿ, ಬಿಡು ಎಂಬುದರ ಹೊರತು ಇನ್ನೊಂದು ಮಾತಿರಲಿಲ್ಲ.

ಧನುಶ್ರೀ ಬರುವುದು ತಿಂಗಳಿಗೆ ಎರಡು ಭಾನುವಾರ. ಉಳಿದ ಭಾನುವಾರ ಇಂದ್ರಾಣಿ ಮಡುವಿಗೆ ಬರತೊಡಗಿದಳು. ಯಾರೂ ಕರೆದಿರಲಿಲ್ಲ. ಬರಬೇಡ ಎಂದೂ ಯಾರೂ ಹೇಳಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ಕೂತು, ದಡದ ತೂತಿಗೆ ಕೈ ಹಾಕಿ ಸಕ್ಕರ್ ಎಳೆಯುವಳು. ಮೊದಲ ದಿನ ಎಂಟು ಸಿಕ್ಕವು. ಡ್ರಮ್ಮಿಗೆ ಹಾಕಿ ಏನು ಮಾಡಬೇಕೆಂದು ತಿಳಿಯದೆ ನಿಂತಳು. ನೀರಿಲ್ಲದೆ ಬಿಟ್ಟರೆ ಅವು ಇಡೀ ದಿನ ಒದ್ದಾಡಿ ಸಾಯುತ್ತವೆ. ಹನುಮಪ್ಪ ದೂರದಿಂದ ನೋಡುತ್ತಿದ್ದವನು ಒಂದು ಕೊಡತಿ ತಂದು ಅವಳ ಪಕ್ಕ ಇಟ್ಟು ಹೋದ. ಮರದ ಭಾರವಾದ ಕೊಡತಿ. ಅವಳು ಒಂದನ್ನು ಕಲ್ಲಿನ ಮೇಲಿಟ್ಟು, ಎಡಗೈಯಲ್ಲಿ ಒತ್ತಿಹಿಡಿದು, ತಲೆಯ ಮೇಲೆ ಹೊಡೆದಳು. ಸರಿಯಾಗಿ ಬೀಳಲಿಲ್ಲ. ಮತ್ತೆ ಹೊಡೆದಳು. ಎಂಟು ಮುಗಿಯುವ ಹೊತ್ತಿಗೆ ಅವಳ ಸೀರೆಯ ಮೇಲೆಲ್ಲ ಸಿಡಿದಿತ್ತು. ಗುಂಡಿ ತೋಡಿ ಹೂತು, ಕೈ ತೊಳೆದುಕೊಂಡು, ಕಲ್ಲಿನ ಮೇಲೆ ಕೂತು ಅತ್ತಳು. ಮುಂದಿನ ಸಲ ಅಳಲಿಲ್ಲ. ಪ್ರತಿಯೊಂದರ ಕಣ್ಣನ್ನೂ ಮಾತ್ರ ಮೊದಲು ತಿರುಗಿಸಿ ನೋಡುತ್ತಿದ್ದಳು. ಬಿಳಿಗಣ್ಣಿನದು ಮತ್ತೆ ಸಿಗಲೇ ಇಲ್ಲ.

ಜೂನಿನಿಂದ ಸೆಪ್ಟೆಂಬರಿನವರೆಗೆ ಮುನ್ನೂರಕ್ಕೂ ಹೆಚ್ಚು ತೆಗೆದಳು. ಪರಿಗೆ ಸ್ವಲ್ಪ ಹೆಚ್ಚಿವೆ ಎಂದು ಧನುಶ್ರೀ ಫೋನಿನಲ್ಲಿ ಹೇಳಿದಳು. ಅದು ನಿಮ್ಮಿಂದಲೋ ಮಳೆಯಿಂದಲೋ ಗೊತ್ತಿಲ್ಲ ಎಂದೂ ಹೇಳಿದಳು. ಅವಳು ತನಗೆ ತೋರಿದ್ದನ್ನು ಒಂದು ಕಾಳೂ ಹೆಚ್ಚಿಸಿ ಹೇಳುವವಳಲ್ಲ. ಕೆಂಪಮ್ಮ ಇಂದ್ರಾಣಿಯನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಹನುಮಪ್ಪ ತನ್ನ ಪಾಡಿಗೆ ತಾನಿರುತ್ತಿದ್ದ.

ಅಕ್ಟೋಬರಿನಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ಮಡು ತುಂಬಿ, ಕೆಳಗಿನ ಚೆಕ್‌ಡ್ಯಾಮಿನ ಮೇಲೆ ಆಳೆತ್ತರ ನೀರು ಹರಿಯಿತು. ನೀರು ಇಳಿದ ಮೇಲೆ ಬಂದ ಭಾನುವಾರ ಇಂದ್ರಾಣಿಯೂ ಸೆಲ್ವರಾಜನೂ ಹೋದಾಗ ಹನುಮಪ್ಪ ಮಡುವಿನ ಬಳಿ ಇರಲಿಲ್ಲ. ಅಡ್ಡ ದಾರಿಯಲ್ಲಿ ಚೆಕ್‌ಡ್ಯಾಮಿನ ಕೆಳಗೆ ಇಳಿದು ನೋಡಿದರೆ ಅಲ್ಲಿ ಒಬ್ಬನೇ ಬಲೆ ಹಿಡಿದು ನಿಂತಿದ್ದ. ಮರಳಿನ ಮೇಲೆ ಆಗಲೇ ಆರೇಳು ಸಕ್ಕರ್ ಬಿದ್ದಿದ್ದವು. ಕಟ್ಟೆ ದಾಟಿ ಅವು ಕೆಳಕ್ಕೂ ಹೋಗಿದ್ದವು. ಅಲ್ಲಿಂದ ಮುಂದೆ ನದಿ ತಮಿಳುನಾಡಿನ ಕಡೆಗೆ ತಿರುಗುತ್ತದೆ. ಎ‌ಷ್ಟು ಜನ್ಮ ಎತ್ತಿದರೂ ಇವನ್ನೆಲ್ಲ ಹಿಡಿದು ಮುಗಿಸಲು ಆಗುವುದಿಲ್ಲ ಎಂದು ಅಂದು ಇಂದ್ರಾಣಿಗೆ ಖಾತ್ರಿಯಾಯಿತು.

ನೀರಿನ ಸೆಳೆತಕ್ಕೆ ಬಲೆ ಹನುಮಪ್ಪನ ಕೈಯಿಂದ ಹೊರಳುತ್ತಿತ್ತು. ಒಬ್ಬನಿಂದ ಆಗುವ ಕೆಲಸ ಅಲ್ಲ ಅದು. ಅವನು ದಡದ ಕಡೆ ತಿರುಗಿ, ಆರು ತಿಂಗಳಲ್ಲಿ ಮೊದಲ ಬಾರಿಗೆ ಅವಳ ಜೊತೆ ಮಾತಾಡಿದ.

"ಆ ತುದಿ ಇಡ್ಕೊಳಮ್ಮಾ. ಸಡ್ಲ ಬಿಡ್ಬೇಡ."

ಇಂದ್ರಾಣಿ ಸೆರಗು ಸಿಕ್ಕಿಸಿಕೊಂಡು ನೀರಿಗಿಳಿದಳು.